ಕುಲಾಂತರಿ ಬೆಳೆಯಿಂದ ಪೌಷ್ಟಿಕಾಂಶ ಹೆಚ್ಚುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಕಡೆಯ ಒಂದು ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದೆ. ನಿವೃತ್ತಿಯಾದ ಮೇಲೆ ಪಾಠ ನಿಂತಿತು, ಪ್ರಶ್ನೆ ನಿಲ್ಲಲಿಲ್ಲ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಬೀಜ ಮೇಳದಲ್ಲಿ ಯಾರಾದರೂ ಹತ್ತಿರ ಬಂದು "ಮಾಸ್ಟ್ರೇ, ಈ ಕುಲಾಂತರಿ ಅಂದ್ರೆ ಎಂತ?" ಅಂತ ಶುರು ಮಾಡುತ್ತಾರೆ. ಅಷ್ಟರಲ್ಲಿ ಪಾಯಸ ಬರುತ್ತದೆ, ಮಾತು ಅರ್ಧಕ್ಕೆ ನಿಲ್ಲುತ್ತದೆ. ಹಾಗಾಗಿ ಬರೆದಿಟ್ಟಿದ್ದೇನೆ.

ರೇಶನ್ ಅಕ್ಕಿಯಲ್ಲಿ ಬೇರೆ ಥರದ ಬಿಳಿ ಕಾಳು ಸಿಗುತ್ತದೆ. ನೀರಿಗೆ ಹಾಕಿದರೆ ತೇಲುತ್ತದೆ. ಅದು ಕುಲಾಂತರಿ ಅಕ್ಕಿಯಾ, ಪ್ಲಾಸ್ಟಿಕ್ಕಾ?

ಎರಡೂ ಅಲ್ಲ. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಇದೇ. ಅದು ಸಾರವರ್ಧಿತ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಬೆರೆಸುತ್ತಾರೆ. ಆಮೇಲೆ ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರಕ್ಕೆ ಕತ್ತರಿಸುತ್ತಾರೆ. ನಾವು ಒತ್ತು ಶ್ಯಾವಿಗೆ ಮಾಡುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಇಂಥ ಒಂದು ಕಿಲೋ ಕಾಳನ್ನು ನೂರು ಕಿಲೋ ಮಾಮೂಲು ಅಕ್ಕಿಗೆ ಸೇರಿಸುತ್ತಾರೆ. ಒತ್ತಿ ಮಾಡಿದ ಕಾಳು ಸ್ವಲ್ಪ ಹಗುರ, ಅದಕ್ಕೇ ಕೆಲವು ತೇಲುತ್ತವೆ.

2021ರ ಆಗಸ್ಟ್ 15ರಂದು ಪ್ರಧಾನಿ ಇದನ್ನು ಕೆಂಪುಕೋಟೆಯಿಂದ ಘೋಷಿಸಿದರು. 2024ರ ಮಾರ್ಚ್ ಹೊತ್ತಿಗೆ ಸರ್ಕಾರಿ ಯೋಜನೆಗಳ ಅಕ್ಕಿಗೆಲ್ಲ ಇದು ಬಂತು. ನಿಯಮದ ಪ್ರಕಾರ ಒಂದು ಕಿಲೋ ಸಾರವರ್ಧಿತ ಅಕ್ಕಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕು.

ನಮ್ಮ ಕೇರಿಯ ಒಬ್ಬರು ಅಜ್ಜಿ ತಿಂಗಳುಗಟ್ಟಲೆ ಮೊರ ಹಿಡಿದು ಕೂತು ಆ ಕಾಳುಗಳನ್ನೇ ಆರಿಸಿ ಆರಿಸಿ ಕೋಳಿಗೆ ಹಾಕಿದರು. ಕೋಳಿಗಳು ಚೆನ್ನಾಗಿದ್ದವು. ದಯವಿಟ್ಟು ಆರಿಸಿ ಬಿಸಾಡಬೇಡಿ. ಥಲಸ್ಸೀಮಿಯಾದಂಥ ರಕ್ತದ ಕಾಯಿಲೆ ಇರುವವರು ಮಾತ್ರ ಮೊದಲು ವೈದ್ಯರನ್ನು ಕೇಳಿ. ಮೈಯಲ್ಲಿ ಈಗಾಗಲೇ ಕಬ್ಬಿಣ ಜಾಸ್ತಿ ಇರುವವರಿಗೆ ಇನ್ನಷ್ಟು ಸೇರುವುದು ಒಳ್ಳೆಯದಲ್ಲ.

ಹಾಗಾದರೆ ಕುಲಾಂತರಿ ಅಂದರೆ ಯಾವುದು?

ಆಹಾರದ ಸಾರ ಹೆಚ್ಚಿಸುವುದಕ್ಕೆ ಮೂರು ದಾರಿ ಉಂಟು. ಒಂದು, ಮಿಲ್ಲಿನಲ್ಲಿ ಬೆರೆಸುವುದು. ಅದನ್ನು ಮೇಲೆ ಹೇಳಿದೆ. ಎರಡು, ಒಳ್ಳೆಯ ಗುಣದ ಎರಡು ತಳಿಗಳನ್ನು ತಳಿಸಂಕರ ಮಾಡಿ, ಹುಟ್ಟಿದ ಗಿಡಗಳಲ್ಲಿ ಬೇಕಾದ್ದನ್ನು ಆರಿಸುತ್ತ ಹೋಗುವುದು. ಇದರಲ್ಲಿ ಅಕ್ಕಿಗೆ ಅಕ್ಕಿ, ಗೆಣಸಿಗೆ ಗೆಣಸು, ಅಷ್ಟೇ. ಮೂರನೆಯದು ಕುಲಾಂತರಿ. ಕುಲ ದಾಟಿ ಬರುವ ಜೀನು, ಅಂದರೆ ಗುಣವನ್ನು ಹೊತ್ತು ತರುವ ವಂಶವಾಹಿ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಹಿತ್ತಲಿನ ಹರಿವೆ ಸೊಪ್ಪಿನ ನೆಂಟ ರಾಜಗಿರಿ. ಅದರ ಬೀಜದಲ್ಲಿ ಒಳ್ಳೆಯ ಪ್ರೋಟೀನ್ ಇದೆ. ಈ ಗುಣವನ್ನು ಬಟಾಟೆಗೆ ತರಬೇಕು ಅಂದುಕೊಳ್ಳಿ. ನೂರು ವರ್ಷ ಪರಾಗ ಉದುರಿಸಿದರೂ ರಾಜಗಿರಿಗೂ ಬಟಾಟೆಗೂ ಮಗು ಹುಟ್ಟುವುದಿಲ್ಲ. ದೆಹಲಿಯ ವಿಜ್ಞಾನಿಗಳು ರಾಜಗಿರಿಯ ಎಎಂಎ1 ಎಂಬ ಒಂದೇ ಜೀನನ್ನು ಪ್ರಯೋಗಾಲಯದಲ್ಲಿ ಬಟಾಟೆಗೆ ಸೇರಿಸಿದರು. 2010ರಲ್ಲಿ ಅವರು ಪ್ರಕಟಿಸಿದ ಪ್ರಕಾರ ಗೆಡ್ಡೆಯ ಪ್ರೋಟೀನ್ ಶೇ. 60ರವರೆಗೂ ಏರಿತ್ತು.

ಕೇಳಲಿಕ್ಕೆ ದೊಡ್ಡ ಅಂಕಿ, ಅಲ್ವಾ? ಆದರೆ ಸ್ವಲ್ಪ ಲೆಕ್ಕ ಹಾಕಿ. ನೂರು ಗ್ರಾಂ ಬಟಾಟೆಯಲ್ಲಿ ಪ್ರೋಟೀನ್ ಇರುವುದೇ ಸುಮಾರು 2 ಗ್ರಾಂ. ಶೇ. 60 ಏರಿದರೂ 3 ಗ್ರಾಂ ಆಸುಪಾಸು. ಅಷ್ಟೇ ತೂಕದ ತೊಗರಿಬೇಳೆಯಲ್ಲಿ 20 ಗ್ರಾಂಗಿಂತ ಜಾಸ್ತಿ ಉಂಟು. ಪೌಷ್ಟಿಕ ಕುಲಾಂತರಿಯ ಸುದ್ದಿ ಓದುವಾಗ ಈ ಒಂದು ಅಭ್ಯಾಸ ಇಟ್ಟುಕೊಳ್ಳಿ. ಎಷ್ಟು ಪಟ್ಟು ಏರಿತು ಅನ್ನುವುದಕ್ಕಿಂತ, ಬಟ್ಟಲಿಗೆ ಎಷ್ಟು ಬಂತು ಅಂತ ನೋಡಿ. ಆ ಬಟಾಟೆ ಮಾರುಕಟ್ಟೆಗೆ ಬರಲೇ ಇಲ್ಲ.

ಚಿನ್ನದ ಅಕ್ಕಿ ಅಂತ ಒಂದು ಉಂಟಂತೆ. ನಿಜವಾ?

ನಿಜ. ಪೌಷ್ಟಿಕಾಂಶಕ್ಕೆಂದೇ ಮಾಡಿದ ಕುಲಾಂತರಿ ಬೆಳೆಗಳಲ್ಲಿ ಅತಿ ಹೆಸರುವಾಸಿಯಾದದ್ದು ಇದೇ. ಅತಿ ಜಾಸ್ತಿ ಬೈಸಿಕೊಂಡದ್ದೂ ಇದೇ. ಚಿನ್ನ ಏನಿಲ್ಲ, ಬಣ್ಣ ಮಾತ್ರ. ಅರಶಿನ ಹಾಕಿದ ಅನ್ನದ ಹಾಗೆ ಕಾಣುತ್ತದೆ.

ಭತ್ತದ ಗಿಡ ಬೀಟಾ ಕ್ಯಾರೊಟಿನ್ ಮಾಡುತ್ತದೆ. ಆದರೆ ಎಲೆಯಲ್ಲಿ ಮಾತ್ರ. ನಾವು ತಿನ್ನುವ ಕಾಳಿನ ಒಳಭಾಗದಲ್ಲಿ ಆ ಕೆಲಸ ನಡೆಯುವುದಿಲ್ಲ. ಈ ಬೀಟಾ ಕ್ಯಾರೊಟಿನ್ನನ್ನೇ ನಮ್ಮ ಮೈ ವಿಟಮಿನ್ ಎ ಆಗಿ ಬದಲಾಯಿಸಿಕೊಳ್ಳುವುದು. ಸ್ವಿಟ್ಜರ್ಲೆಂಡಿನ ಇಂಗೊ ಪೊಟ್ರಿಕುಸ್ ಮತ್ತು ಜರ್ಮನಿಯ ಪೀಟರ್ ಬೇಯರ್ ಕಾಳಿನೊಳಗೂ ಅದು ತಯಾರಾಗುವಂತೆ ಮಾಡಿದರು. ಡ್ಯಾಫೊಡಿಲ್ ಎಂಬ ಹೂವಿನ ಗಿಡದಿಂದ ಮತ್ತು ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಜೀನು ತೆಗೆದುಕೊಂಡರು. 2000ನೇ ಇಸವಿ ಜನವರಿಯಲ್ಲಿ ಪ್ರಕಟವಾಯಿತು. ಆಗ ಒಂದು ಗ್ರಾಂ ಅಕ್ಕಿಯಲ್ಲಿ ಸಿಕ್ಕಿದ್ದು 1.6 ಮೈಕ್ರೋಗ್ರಾಂ. ಏನೇನೂ ಸಾಲದು. 2005ರಲ್ಲಿ ಡ್ಯಾಫೊಡಿಲ್ ಬದಲು ಜೋಳದ, ಅಂದರೆ ಮೆಕ್ಕೆಜೋಳದ ಜೀನು ಹಾಕಿ ನೋಡಿದರು. 37 ಮೈಕ್ರೋಗ್ರಾಂವರೆಗೂ ಏರಿತು.

ಯಾಕೆ ಇಷ್ಟು ಒದ್ದಾಟ? ವಿಟಮಿನ್ ಎ ಕೊರತೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಎರಡೂವರೆಯಿಂದ ಐದು ಲಕ್ಷ ಮಕ್ಕಳು ಕಣ್ಣು ಕಳೆದುಕೊಳ್ಳುತ್ತಾರೆ, ಅವರಲ್ಲಿ ಅರ್ಧದಷ್ಟು ಮಕ್ಕಳು ಒಂದು ವರ್ಷದೊಳಗೆ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ಅಂಥ ಮಕ್ಕಳು ಹೆಚ್ಚಾಗಿ ಇರುವುದು ಮೂರು ಹೊತ್ತೂ ಬರೀ ಅನ್ನ ತಿನ್ನುವ ಬಡ ಮನೆಗಳಲ್ಲಿ. ಅನ್ನಕ್ಕೇ ಹಾಕಿಬಿಟ್ಟರೆ ಅನ್ನುವ ಯೋಚನೆ ಅಲ್ಲಿಂದ ಬಂದದ್ದು. ವಿರೋಧಿಸುವವರು ಈ ಅಂಕಿಯನ್ನು ಸುಮ್ನೆ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಇಪ್ಪತ್ತೈದು ವರ್ಷ ಆಯಿತಲ್ಲ, ಮತ್ತೆ ಯಾಕೆ ಎಲ್ಲೂ ಸಿಗುವುದಿಲ್ಲ?

ಹಲವು ಕಾರಣ. ಹೋರಾಟಗಾರರು ತಡೆದರು ಅನ್ನುವುದು ಒಂದು ಕಥೆ. 2013ರಲ್ಲಿ ಫಿಲಿಪ್ಪೀನ್ಸಿನಲ್ಲಿ ಪ್ರಯೋಗದ ಗದ್ದೆಗೆ ನುಗ್ಗಿ ಗಿಡ ಕಿತ್ತದ್ದೂ ಉಂಟು. ಆದರೆ ಅದೊಂದೇ ಅಲ್ಲ.

ನಮ್ಮ ದೇಶದಲ್ಲೇ ನಡೆದದ್ದನ್ನು ಹೇಳುತ್ತೇನೆ, ಯಾಕೆಂದರೆ ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಚಿನ್ನದ ಅಕ್ಕಿಯ ಗುಣವನ್ನು ಸ್ವರ್ಣ ಎಂಬ ನಮ್ಮ ಜನಪ್ರಿಯ ಭತ್ತಕ್ಕೆ ತಂದರು. ಗಿಡ ಕುಳ್ಳಾಯಿತು. ಎಲೆ ಬಿಳಿಚಿತು. ಇಳುವರಿ ಬಿತ್ತು. ಯಾಕೆ ಅಂತ ಹುಡುಕಿದಾಗ, ಹೊಸ ಜೀನು ಹೋಗಿ ಕೂತ ಜಾಗ ಸರಿ ಇರಲಿಲ್ಲ. ಗಿಡದ ಬೆಳವಣಿಗೆಗೆ ಬೇಕಾದ ಇನ್ನೊಂದು ಜೀನಿನ ಮಧ್ಯದಲ್ಲೇ ಅದು ನುಗ್ಗಿತ್ತು. 2017ರಲ್ಲಿ ಅವರೇ ಇದನ್ನು ಪ್ರಕಟಿಸಿದರು. ಬೇರೆ ಜಾಗದಲ್ಲಿ ಜೀನು ಕೂತ ಜಿಆರ್2ಇ ಎಂಬ ಇನ್ನೊಂದು ಬಗೆಯ ಚಿನ್ನದ ಅಕ್ಕಿಯನ್ನು ಮುಂದುವರಿಸಲಾಯಿತು. ಅಂದರೆ ಜೀನು ಒಳ್ಳೆಯದಾದರೆ ಸಾಲದು, ಕೂರುವ ಜಾಗವೂ ಒಳ್ಳೆಯದಿರಬೇಕು. ಬಸ್ಸಿನಲ್ಲಿ ಸೀಟು ಸಿಕ್ಕಿತು ಅಂತ ಡ್ರೈವರ್ ಸೀಟಿನಲ್ಲಿ ಕೂತರೆ ಹೇಗೆ?

2021ರ ಜುಲೈಯಲ್ಲಿ ಫಿಲಿಪ್ಪೀನ್ಸ್ ಇದನ್ನು ಬೆಳೆಯಲು ಒಪ್ಪಿದ ಮೊದಲ ದೇಶವಾಯಿತು. 2024ರ ಏಪ್ರಿಲಿನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆ ಅನುಮತಿಯನ್ನು ರದ್ದು ಮಾಡಿತು. ಭಾರತದಲ್ಲಿ ಅನುಮತಿ ಇಲ್ಲ.

ಅದನ್ನು ತಿಂದರೆ ವಿಟಮಿನ್ ಎ ಪೂರ್ತಿ ಸಿಗುತ್ತದಾ?

ಪೂರ್ತಿ ಅಲ್ಲ. ದಿನವೂ ಅನ್ನ ತಿನ್ನುವ ಸಣ್ಣ ಮಕ್ಕಳಿಗೆ ಬೇಕಾದ್ದರಲ್ಲಿ ಶೇ. 30ರಿಂದ 50ರಷ್ಟು ಕೊಡಬಹುದು ಅಂತ ತಯಾರಿಸಿದವರೇ ಹೇಳುತ್ತಾರೆ. ಇನ್ನು ಬೀಟಾ ಕ್ಯಾರೊಟಿನ್ನಿಗೆ ಬಿಸಿ, ಬೆಳಕು, ಗಾಳಿ ಮೂರೂ ಆಗುವುದಿಲ್ಲ. ಅಕ್ಕಿಯನ್ನು ತಿಂಗಳುಗಟ್ಟಲೆ ದಾಸ್ತಾನು ಇಟ್ಟರೆ ಕಮ್ಮಿಯಾಗುತ್ತದೆ. ಹೊಟ್ಟೆಯಲ್ಲಿ ಹೀರಿಕೊಳ್ಳಲು ಸ್ವಲ್ಪ ಎಣ್ಣೆಯೋ ತುಪ್ಪವೋ ಬೇಕು.

ಚೀನಾದಲ್ಲಿ ಮಕ್ಕಳಿಗೆ ಇದನ್ನು ಕೊಟ್ಟು ನೋಡಿ 2012ರಲ್ಲಿ ಒಂದು ವರದಿ ಬಂತು. ಮಕ್ಕಳ ತಂದೆ ತಾಯಿಗೆ ವಿಷಯ ಸರಿಯಾಗಿ ತಿಳಿಸಿರಲಿಲ್ಲ ಎಂಬ ಕಾರಣಕ್ಕೆ 2015ರಲ್ಲಿ ಆ ವರದಿಯನ್ನೇ ಹಿಂತೆಗೆದರು. ವಿಜ್ಞಾನಕ್ಕೆ ಆದ ನಷ್ಟಕ್ಕಿಂತ ನಂಬಿಕೆಗೆ ಆದ ನಷ್ಟ ದೊಡ್ಡದು.

ನಮ್ಮ ಕರಾವಳಿಯವರಿಗೆ ಇದೆಲ್ಲ ಬೇಕಾ?

ಬಸಳೆ ಚಪ್ಪರ ಇರುವ ಮನೆಗೆ ಬೇಡ. ಬಸಳೆ, ಹರಿವೆ, ನುಗ್ಗೆ ಸೊಪ್ಪು, ಪತ್ರೊಡೆಗೆ ಹಾಕುವ ಕೆಸುವಿನ ಎಲೆ, ಒಂದೆಲಗ, ಎಲ್ಲದರಲ್ಲೂ ಬೀಟಾ ಕ್ಯಾರೊಟಿನ್ ಉಂಟು. ಅದರ ಮೇಲೆ ನಾವು ತೆಂಗಿನಕಾಯಿ ಅರೆದು ಹಾಕುತ್ತೇವೆ. ಕೊಬ್ಬಿನಂಶ ಬೇಕು ಅಂದೆನಲ್ಲ, ಅದು ಅಲ್ಲೇ ಬಂತು. ಬಸಳೆಗೆ ಮರುವಾಯಿ, ಅಂದರೆ ಚಿಪ್ಪಿನ ಮಾಂಸ ಹಾಕುವ ಮನೆಯಲ್ಲಿ ಕಬ್ಬಿಣ, ಬಿ12 ಕೂಡ ಅದೇ ಪಾತ್ರೆಯಲ್ಲಿ. ಇಡ್ಲಿ, ದೋಸೆಯ ಹಿಟ್ಟು ಹುಳಿ ಬರುವಾಗ ಫೈಟೇಟ್ ಎಂಬ ಅಂಶ ಇಳಿಯುತ್ತದೆ. ಕಬ್ಬಿಣ, ಸತುವನ್ನು ಹಿಡಿದಿಟ್ಟು ಮೈಗೆ ಹೋಗದಂತೆ ಮಾಡುವುದು ಅದೇ. ನಮ್ಮ ಅಜ್ಜಿಯಂದಿರಿಗೆ ಫೈಟೇಟ್ ಗೊತ್ತಿರಲಿಲ್ಲ. ಹಿಟ್ಟು ಹುಳಿ ಬಂದರೆ ದೋಸೆ ರುಚಿ ಅಂತ ಗೊತ್ತಿತ್ತು.

ಇಷ್ಟು ಹೇಳಿ ಎದೆ ಉಬ್ಬಿಸಿಕೊಂಡು ಕೂರುವ ಹಾಗಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67. ಮಂಗಳೂರಿನ ಫ್ಲ್ಯಾಟುಗಳಲ್ಲಿ ಚಪ್ಪರ ಎಲ್ಲಿದೆ? ಮಣಿಪಾಲದ ಹಾಸ್ಟೆಲ್ ಹುಡುಗರು ರಾತ್ರಿ ತಿನ್ನುವುದು ನೂಡಲ್ಸ್. ಕಟ್ಟಡ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ, ಬಿಹಾರದ ಕುಟುಂಬಗಳಿಗೆ ಸೊಪ್ಪು ಕೊಳ್ಳುವ ದುಡ್ಡೂ ಇಲ್ಲ, ಬೆಳೆಯುವ ಜಾಗವೂ ಇಲ್ಲ. ಅವರ ಬಟ್ಟಲಿನಲ್ಲಿ ಅನ್ನವೇ ಜಾಸ್ತಿ. ಅನ್ನದ ಸಾರ ಹೆಚ್ಚಿದರೆ ಅವರಿಗೆ ಉಪಕಾರ. ಅದು ಕುಲಾಂತರಿಯಿಂದಲೇ ಆಗಬೇಕು ಅಂತಿಲ್ಲ, ಅಷ್ಟೇ.

ಕುಚ್ಚಲಕ್ಕಿಯ ಕೆಂಪು ಬಣ್ಣ ಜೀನ್ ಬದಲಾಯಿಸಿ ತಂದದ್ದಾ?

ಅಯ್ಯೋ, ಅಲ್ಲ ಮಾರಾಯ್ರೆ. ಅದು ಹುಟ್ಟು ಬಣ್ಣ, ಕಾಳಿನ ಹೊರ ಪದರದ್ದು. ಜಾಸ್ತಿ ಪಾಲಿಶ್ ಮಾಡಿದರೆ ಬಣ್ಣವೂ ಹೋಗುತ್ತದೆ, ಸಾರವೂ ಹೋಗುತ್ತದೆ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ ಒಣಗಿಸುವಾಗ ಹೊರಪದರದ ಬಿ ವಿಟಮಿನ್‌ಗಳು ಒಂದಿಷ್ಟು ಕಾಳಿನೊಳಗೆ ಇಳಿಯುತ್ತವೆ. ಅದಕ್ಕೇ ಬೆಳ್ತಿಗೆಗಿಂತ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಗಿಂತ, ಕುಚ್ಚಲು ಮೇಲು. ತೆಳಿ, ಅಂದರೆ ಅನ್ನ ಬಸಿದ ನೀರು, ಚೆಲ್ಲಬೇಡಿ. ಉಪ್ಪು ಹಾಕಿ ಕುಡಿಯಿರಿ.

ಅಕ್ಕಿಯಲ್ಲಿ ಕಬ್ಬಿಣ ಹೆಚ್ಚಿಸಲು ಜೀನ್ ಹಾಕಿ ನೋಡಿದ್ದಾರಾ?

ನೋಡಿದ್ದಾರೆ. 1999ರಲ್ಲಿ ಜಪಾನಿನವರು ಸೋಯಾ ಅವರೆಯ ಫೆರಿಟಿನ್ ಜೀನನ್ನು ಭತ್ತಕ್ಕೆ ಹಾಕಿದರು. ಫೆರಿಟಿನ್ ಅಂದರೆ ಕಬ್ಬಿಣ ಕೂಡಿಡುವ ಪ್ರೋಟೀನ್. ಆಮೇಲೆ 2016ರಲ್ಲಿ ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರ ಗದ್ದೆ ಪ್ರಯೋಗದ ಫಲಿತಾಂಶ ಬಂತು. ಪಾಲಿಶ್ ಮಾಡಿದ ಮಾಮೂಲು ಅಕ್ಕಿಯಲ್ಲಿ ಒಂದು ಕಿಲೋಗೆ ಸುಮಾರು 2 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಇವರಿಗೆ 15 ಸಿಕ್ಕಿತು, ಜೊತೆಗೆ ಸತು 45ರಷ್ಟು. ಅಕ್ಕಿಯಲ್ಲಿ ಸತುವನ್ನು ಮಾಮೂಲು ತಳಿ ಅಭಿವೃದ್ಧಿಯಿಂದಲೂ ಹೆಚ್ಚಿಸಬಹುದು. ಕಬ್ಬಿಣದ ವಿಷಯದಲ್ಲಿ ಅದು ಬಹಳ ಕಷ್ಟ. ಕುಲಾಂತರಿಗೆ ಬಲವಾದ ವಾದ ಇರುವ ಜಾಗ ಯಾವುದು ಅಂತ ನನ್ನನ್ನು ಕೇಳಿದರೆ ಇದನ್ನೇ ತೋರಿಸುತ್ತೇನೆ.

ಮಟ್ಟು ಗುಳ್ಳವನ್ನು ಬಿಟಿ ಮಾಡಿದ್ದಾರೆ ಅಂತ ಕೇಳಿದೆವು. ಈಗ ಸಿಗುವುದು ಒರಿಜಿನಲ್ಲಾ?

ಈಗ ನೀವು ತಿನ್ನುವ ಗುಳ್ಳ, ಅಂದರೆ ಉಡುಪಿ ಹತ್ತಿರದ ಮಟ್ಟು ಊರಿನ ಬದನೆ, ಬಿಟಿ ಅಲ್ಲ. ಆದರೆ ನಿಮ್ಮ ಕಿವಿಗೆ ಬಿದ್ದದ್ದು ಪೂರ್ತಿ ಗಾಳಿಸುದ್ದಿಯೂ ಅಲ್ಲ.

ಕಾಯಿ ಕೊರಕ ಹುಳ ಬದನೆಗೆ ದೊಡ್ಡ ಶತ್ರು. ಅದನ್ನು ಕೊಲ್ಲುವ ಪ್ರೋಟೀನನ್ನು ಗಿಡವೇ ತಯಾರಿಸುವಂತೆ ಬಿಟಿ ಎಂಬ ಬ್ಯಾಕ್ಟೀರಿಯಾದ ಜೀನು ಹಾಕುವ ಯೋಜನೆ ಶುರುವಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಅದರಲ್ಲಿ ಪಾಲುಗೊಂಡಿತ್ತು. ಅವರು ಬಿಟಿ ಜೀನು ಸೇರಿಸಲು ಆರಿಸಿಕೊಂಡ ಸ್ಥಳೀಯ ತಳಿಗಳಲ್ಲಿ ಮಲಾಪುರ, ಕುಡಚಿ, ರಬಕವಿ ಬದನೆಗಳ ಜೊತೆ ಉಡುಪಿ ಗುಳ್ಳವೂ ಇತ್ತು. 2009ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಬಿಟಿ ಬದನೆಗೆ ಹಸಿರು ನಿಶಾನೆ ತೋರಿಸಿತು. ದೇಶವೆಲ್ಲ ಗಲಾಟೆ. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಊರೂರಿಗೆ ಹೋಗಿ ಜನರ ಮಾತು ಕೇಳಿದರು, ಬೆಂಗಳೂರಿಗೂ ಬಂದಿದ್ದರು. 2010ರ ಫೆಬ್ರವರಿ 9ರಂದು ತಡೆ ಹಾಕಿದರು. ಆ ತಡೆ ಈಗಲೂ ಹಾಗೇ ಇದೆ. ಪಕ್ಕದ ಬಾಂಗ್ಲಾದೇಶದಲ್ಲಿ 2014ರಿಂದ ಬಿಟಿ ಬದನೆ ಬೆಳೆಯುತ್ತಿದ್ದಾರೆ.

ಇದರಲ್ಲಿ ಇನ್ನೊಂದು ಜಗಳವೂ ಸೇರಿತ್ತು. ಊರಿನ ತಳಿಯನ್ನು ಪ್ರಯೋಗಕ್ಕೆ ತೆಗೆದುಕೊಂಡು ಹೋಗುವಾಗ ಊರಿನವರನ್ನು ಕೇಳಬೇಕಲ್ವಾ? 2002ರ ಜೀವವೈವಿಧ್ಯ ಕಾಯ್ದೆ ಅದನ್ನೇ ಹೇಳುತ್ತದೆ. ಕೇಳಿಲ್ಲ ಅಂತ 2010ರಲ್ಲಿ ದೂರು ಹೋಯಿತು, ಕೋರ್ಟಿಗೂ ಹೋಯಿತು. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಅಂತ ಮಟ್ಟುವಿನವರು ನೂರಾರು ವರ್ಷದಿಂದ ಕಾಪಾಡಿಕೊಂಡು ಬಂದದ್ದು. ಉಡುಪಿ ಮಠದ ಪರ್ಯಾಯ ಉತ್ಸವಕ್ಕೆ ಹೊರೆಕಾಣಿಕೆ ಹೋಗುವ ಕಾಯಿ. ತಾಂತ್ರಿಕವಾಗಿ ಒಂದು ಜೀನು ಸೇರಿಸುವುದು ಸಣ್ಣ ಕೆಲಸ ಇರಬಹುದು. ಆದರೆ ಕಟಪಾಡಿ ಪೇಟೆಯಲ್ಲಿ ಗುಳ್ಳ ಮಾರುವ ಅಕ್ಕನ ಎದುರು ನಿಂತು "ಇದು ನಿಮ್ಮದಲ್ಲ" ಅನ್ನಲಿಕ್ಕೆ ಯಾರಿಗೆ ಧೈರ್ಯ ಉಂಟು? 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು.

ಒಂದು ಮಾತು ಮರೆಯಬೇಡಿ. ಬಿಟಿ ಬದನೆಯಿಂದ ಪೌಷ್ಟಿಕಾಂಶ ಹೆಚ್ಚುವುದಿಲ್ಲ. ಅದು ಹುಳಕ್ಕೆ ಮಾಡಿದ್ದು, ಔಷಧಿ ಹೊಡೆಯುವುದು ಕಮ್ಮಿಯಾಗಲಿ ಅಂತ. ಚಿನ್ನದ ಅಕ್ಕಿಯನ್ನೂ ಇದನ್ನೂ ಒಂದೇ ಗೋಣಿಗೆ ತುಂಬಿ ಬೈಯುವುದು ಸರಿಯಲ್ಲ, ಹೊಗಳುವುದೂ ಸರಿಯಲ್ಲ.

ನಾವು ಗೊತ್ತಿಲ್ಲದೆ ಕುಲಾಂತರಿ ತಿನ್ನುತ್ತಿದ್ದೇವಾ?

ಸ್ವಲ್ಪ ಮಟ್ಟಿಗೆ ಹೌದು. ಭಾರತದಲ್ಲಿ ರೈತರು ವಾಣಿಜ್ಯಕ್ಕಾಗಿ ಬೆಳೆಯುವ ಕುಲಾಂತರಿ ಬೆಳೆ ಒಂದೇ, ಬಿಟಿ ಹತ್ತಿ. 2002ರಿಂದ. ದೇಶದ ಹತ್ತಿಯಲ್ಲಿ ಶೇ. 90ಕ್ಕಿಂತ ಜಾಸ್ತಿ ಈಗ ಅದೇ. ಹತ್ತಿ ಬೀಜದ ಎಣ್ಣೆ ಅಡುಗೆಗೆ ಹೋಗುತ್ತದೆ, ಹಿಂಡಿ ದನಕ್ಕೆ ಹೋಗುತ್ತದೆ. ಹಟ್ಟಿಗೆ ಹತ್ತಿ ಹಿಂಡಿ ತರುವವರು ಬಿಟಿಯನ್ನು ತರುತ್ತಿದ್ದಾರೆ ಅಂತಲೇ ಲೆಕ್ಕ. ಆಮದಾಗುವ ಸೋಯಾ ಎಣ್ಣೆಯಲ್ಲಿ ಬಹುಪಾಲು ಅರ್ಜೆಂಟೀನಾ, ಬ್ರೆಜಿಲ್ ಕಡೆಯದು. ಅಲ್ಲಿನ ಸೋಯಾ ಹೆಚ್ಚುಕಡಿಮೆ ಎಲ್ಲವೂ ಕುಲಾಂತರಿ. ಆದರೆ ರಿಫೈನ್ ಮಾಡಿದ ಎಣ್ಣೆಯಲ್ಲಿ ಜೀನು, ಪ್ರೋಟೀನ್ ಉಳಿಯುವುದು ಇಲ್ಲವೆನ್ನುವಷ್ಟು ಕಮ್ಮಿ. ತಾಳೆ ಎಣ್ಣೆ, ತೆಂಗಿನೆಣ್ಣೆ ಕುಲಾಂತರಿ ಅಲ್ಲ.

ಬೀಜವಿಲ್ಲದ ಕಲ್ಲಂಗಡಿ, ಸ್ವೀಟ್ ಕಾರ್ನ್, ದಪ್ಪ ಮೆಣಸು, ದೊಡ್ಡ ಗಾತ್ರದ ಬಪ್ಪಂಗಾಯಿ (ಪಪ್ಪಾಯಿ), ಇದ್ಯಾವುದೂ ನಮ್ಮಲ್ಲಿ ಕುಲಾಂತರಿ ಅಲ್ಲ. ಹೈಬ್ರಿಡ್ ಅಂದರೆ ಎರಡು ತಳಿಗಳ ಸಂಕರ. ಅದು ಬೇರೆ, ಕುಲಾಂತರಿ ಬೇರೆ. ಪ್ಯಾಕೆಟ್ ಆಹಾರದಲ್ಲಿ ಕುಲಾಂತರಿ ಇದ್ದರೆ ಮುಂಭಾಗದಲ್ಲಿ 'ಜಿಎಂ' ಅಂತ ಬರೆಯಬೇಕು ಅನ್ನುವ ನಿಯಮ 2013ರ ಜನವರಿ 1ರಂದು ಜಾರಿಗೆ ಬಂದಿತ್ತು. ಹಾಗೆ ಬರೆದ ಒಂದು ಪ್ಯಾಕೆಟ್ಟನ್ನೂ ನಾನು ಮಂಗಳೂರಿನ ಅಂಗಡಿಗಳಲ್ಲಿ ಕಂಡಿಲ್ಲ.

ಟೊಮೇಟೊದಲ್ಲಿ ಮೀನಿನ ಜೀನು ಹಾಕಿದ್ದಾರಂತೆ. ಮಡಿಯಲ್ಲಿ ಅಡುಗೆ ಮಾಡುವ ನಾವು ಎಂತ ಮಾಡುವುದು?

ಚಳಿ ತಡೆಯಲಿ ಅಂತ ಒಂದು ಮೀನಿನ ಜೀನನ್ನು ಟೊಮೇಟೊಗೆ ಹಾಕಿ ಅಮೆರಿಕದಲ್ಲಿ 1990ರ ದಶಕದ ಶುರುವಿನಲ್ಲಿ ಪ್ರಯೋಗ ಮಾಡಿದ್ದು ನಿಜ. ಕೆಲಸ ಆಗಲಿಲ್ಲ. ಯಾವ ಅಂಗಡಿಗೂ ಬರಲಿಲ್ಲ. ಸುದ್ದಿ ಮಾತ್ರ ಮೂವತ್ತು ವರ್ಷದಿಂದ ತಿರುಗುತ್ತಿದೆ. ಸಾರಿಗೆ ಟೊಮೇಟೊ ಧೈರ್ಯವಾಗಿ ಹಾಕಿ. ಮಡಿ ಅಡುಗೆಗೆ ಟೊಮೇಟೊ ನಡೆಯುತ್ತದಾ ಅನ್ನುವುದು ಬೇರೆ ಪ್ರಶ್ನೆ. ಅದನ್ನು ನಿಮ್ಮ ಅತ್ತೆಯನ್ನು ಕೇಳಿ.

ಮೀನಿನ ಎಣ್ಣೆಯ ಗುಣ ಗಿಡದಲ್ಲಿ ಬಂದಿದೆ ಅನ್ನುತ್ತಾರಲ್ಲ?

ಅದು ಬಂದಿದೆ, ಆದರೆ ಮೀನಿನ ಜೀನಿನಿಂದ ಅಲ್ಲ. ಬೂತಾಯಿ, ಬಂಗುಡೆಯಲ್ಲಿ ಒಮೆಗಾ 3 ಎಂಬ ಒಳ್ಳೆಯ ಕೊಬ್ಬು ಉಂಟು ಅಂತ ಎಲ್ಲರಿಗೂ ಗೊತ್ತು. ಆದರೆ ಅದನ್ನು ಹುಟ್ಟುಹಾಕುವುದು ಮೀನಲ್ಲ. ಸಮುದ್ರದ ಕಣ್ಣಿಗೆ ಕಾಣದ ಪಾಚಿ ಹುಟ್ಟಿಸುತ್ತದೆ. ಸಣ್ಣ ಜೀವಿಗಳು ಪಾಚಿಯನ್ನು ತಿಂದು, ಅವನ್ನು ಬೂತಾಯಿ ತಿಂದು, ಅದನ್ನು ನಾವು ಪುಳಿಮುಂಚಿ ಮಾಡಿ ತಿನ್ನುತ್ತೇವೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಪಾಚಿಯಂಥ ಸೂಕ್ಷ್ಮ ಜೀವಿಗಳ ಜೀನುಗಳನ್ನು ಸಾಸಿವೆಯ ನೆಂಟನಾದ ಕ್ಯಾನೋಲಾ ಗಿಡಕ್ಕೆ ಹಾಕಿದರು. ಅದರ ಬೀಜದ ಎಣ್ಣೆಯಲ್ಲೇ ಡಿಎಚ್‌ಎ ಎಂಬ ಒಮೆಗಾ 3 ಬಂತು. 2018ರಲ್ಲಿ ಅಲ್ಲಿ ಅನುಮತಿಯೂ ಸಿಕ್ಕಿತು. ಮೀನು ತಿನ್ನದವರಿಗೆ ಇದು ಉಪಯೋಗ. ಸಾಕಣೆ ಮೀನಿಗೆ ಮೇವಾಗಿಯೂ ಇದನ್ನು ಬಳಸುತ್ತಾರೆ. ಮಲ್ಪೆಯಲ್ಲಿ ಬೂತಾಯಿ ಬಾರದ ವರ್ಷಗಳನ್ನು ನೋಡಿದ ನನಗೆ, ಸಮುದ್ರದ ಮೇಲಿನ ಹೊರೆ ಇಳಿಸುವ ಈ ದಾರಿ ಕೆಟ್ಟದ್ದು ಅನ್ನಿಸುವುದಿಲ್ಲ.

ಬೇರೆ ಏನೇನು ಮಾಡಿದ್ದಾರೆ?

ಅಮೆರಿಕದಲ್ಲಿ ನೇರಳೆ ಟೊಮೇಟೊ ಉಂಟು. ಸ್ನ್ಯಾಪ್‌ಡ್ರ್ಯಾಗನ್ ಎಂಬ ಹೂವಿನ ಜೀನಿನಿಂದ ಅದಕ್ಕೆ ನೇರಳೆ ಹಣ್ಣಿನಂಥ ಬಣ್ಣ ಬಂದಿದೆ. 2024ರಿಂದ ಮನೆ ತೋಟದವರಿಗೆ ಬೀಜ ಮಾರುತ್ತಿದ್ದಾರೆ. ಉಗಾಂಡಾಕ್ಕಾಗಿ ಆಸ್ಟ್ರೇಲಿಯಾದವರು ಕಿತ್ತಳೆ ತಿರುಳಿನ ಬಾಳೆ ಮಾಡಿದ್ದಾರೆ. ಅದಕ್ಕೆ ಜೀನು ಬಂದದ್ದು ಇನ್ನೊಂದು ಬಾಳೆಯಿಂದಲೇ, ಪಪುವಾ ನ್ಯೂಗಿನಿಯ ಒಂದು ತಳಿಯಿಂದ. ನಮ್ಮ ನೇಂದ್ರ ಬಾಳೆಯ ತಿರುಳು ಹಳದಿ ಇರುವುದಕ್ಕೂ ಕ್ಯಾರೊಟಿನ್ ಬಳಗವೇ ಕಾರಣ.

ಅಲರ್ಜಿ ಆಗುವುದಿಲ್ಲವಾ?

ಆಗಬಹುದಾಗಿತ್ತು, ಒಂದು ಸಲ. ಸೋಯಾದ ಪ್ರೋಟೀನ್ ಸುಧಾರಿಸಲು ಬ್ರೆಜಿಲ್ ನಟ್ ಎಂಬ ಬೀಜದ ಜೀನು ಹಾಕಿದ್ದರು. ಆ ಬೀಜ ಕೆಲವರಿಗೆ ಆಗುವುದಿಲ್ಲ. ಪರೀಕ್ಷೆ ಮಾಡಿದಾಗ ಅಲರ್ಜಿ ತರುವ ಪ್ರೋಟೀನೇ ಸೋಯಾಕ್ಕೆ ಬಂದಿತ್ತು. 1996ರಲ್ಲಿ ಪ್ರಕಟವಾಯಿತು, ಯೋಜನೆಯನ್ನು ಅಲ್ಲಿಗೇ ಕೈಬಿಟ್ಟರು. ವಿರೋಧಿಗಳು "ನೋಡಿ, ಅಪಾಯ" ಅನ್ನುತ್ತಾರೆ. ಬೆಂಬಲಿಗರು "ನೋಡಿ, ಪರೀಕ್ಷೆಯಲ್ಲೇ ಸಿಕ್ಕಿಬಿತ್ತು" ಅನ್ನುತ್ತಾರೆ. ಇಬ್ಬರೂ ಹೇಳುವುದು ಸರಿ. ಅದಕ್ಕೇ ಒಂದೊಂದು ಬೆಳೆಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಒಂದು ಪಾಸಾಯಿತು ಅಂತ ಇನ್ನೊಂದನ್ನು ಬಿಡುವ ಹಾಗಿಲ್ಲ.

ತಿಂದರೆ ನಮ್ಮ ಜೀನು ಬದಲಾಗುತ್ತದಾ?

ಇಲ್ಲ. ಪ್ರತಿ ತುತ್ತಿನಲ್ಲೂ ಕೋಟಿಗಟ್ಟಲೆ ಜೀನು ಇರುತ್ತದೆ. ಇಷ್ಟು ವರ್ಷ ಬಂಗುಡೆ ತಿಂದು ನನಗೆ ಕಿವಿರು ಬಂದಿಲ್ಲ.

ಬೀಜವೆಲ್ಲ ಕಂಪನಿಯವರ ಕೈಗೆ ಹೋಗುವುದಿಲ್ಲವಾ?

ಈ ಭಯಕ್ಕೆ ಆಧಾರ ಉಂಟು. ಬಿಟಿ ಹತ್ತಿಯವರು ಪ್ರತಿವರ್ಷ ಬೀಜ ಕೊಳ್ಳಬೇಕು. ಆದರೆ ಅದಕ್ಕೆ ಮುಖ್ಯ ಕಾರಣ ಜೀನಲ್ಲ, ಹೈಬ್ರಿಡ್. ಹೈಬ್ರಿಡ್ ಬೀಜ ಉಳಿಸಿ ಬಿತ್ತಿದರೆ ಗುಣ ಚದುರಿಹೋಗುತ್ತದೆ. ಚಿನ್ನದ ಅಕ್ಕಿ ಹೈಬ್ರಿಡ್ ಅಲ್ಲ. ವರ್ಷಕ್ಕೆ 10,000 ಡಾಲರಿಗಿಂತ ಕಮ್ಮಿ ದುಡಿಯುವ ರೈತರು ರಾಯಧನ (ರಾಯಲ್ಟಿ) ಕೊಡಬೇಕಿಲ್ಲ, ಬೀಜ ಉಳಿಸಿಕೊಳ್ಳಬಹುದು ಅಂತ ಅದರ ಒಪ್ಪಂದದಲ್ಲೇ ಉಂಟು. ನಮ್ಮ ದೇಶದಲ್ಲಂತೂ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದೆ. ಸಂರಕ್ಷಿತ ತಳಿಯಾದರೂ ರೈತ ಬೀಜ ಉಳಿಸಬಹುದು, ಬಿತ್ತಬಹುದು, ಕೊಡು-ಕೊಳ್ಳು ಮಾಡಬಹುದು. ಬ್ರ್ಯಾಂಡಿನ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ಈ ಕಾಯ್ದೆ ಗೊತ್ತಿರುವ ರೈತರು ಎಷ್ಟು ಮಂದಿ? ಬೀಜ ಮೇಳದಲ್ಲಿ ಕೇಳಿದರೆ ಕೈ ಎತ್ತುವವರು ಇಬ್ಬರೋ ಮೂವರೋ.

ಜೀನ್ ಎಡಿಟಿಂಗ್ ಅಂದರೆ ಇದೇನಾ?

ಸ್ವಲ್ಪ ಬೇರೆ. ಹೊರಗಿನ ಜೀನು ತರದೆ, ಗಿಡದ್ದೇ ಜೀನಿನಲ್ಲಿ ಸಣ್ಣ ತಿದ್ದುಪಡಿ ಮಾಡುವುದು. ಇಂಥ ಬೆಳೆಗಳಿಗೆ ಕುಲಾಂತರಿಯ ಬಿಗಿ ನಿಯಮದಿಂದ 2022ರಲ್ಲಿ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿತು. 2025ರ ಮೇಯಲ್ಲಿ ಇಂಥ ಎರಡು ಭತ್ತಗಳನ್ನು ಘೋಷಿಸಿತು, ಕಮಲ ಮತ್ತು ಪೂಸಾ ಡಿಎಸ್‌ಟಿ ರೈಸ್ 1. ಒಂದು ಇಳುವರಿಗೆ, ಇನ್ನೊಂದು ಬರ ಮತ್ತು ಉಪ್ಪು ತಡೆಯುವುದಕ್ಕೆ. ಪೌಷ್ಟಿಕಾಂಶಕ್ಕೆ ಅಲ್ಲ. ಜಪಾನಿನಲ್ಲಿ ಗಾಬಾ ಎಂಬ ಅಂಶ ಜಾಸ್ತಿ ಇರುವ, ಎಡಿಟ್ ಮಾಡಿದ ಟೊಮೇಟೊ 2021ರಿಂದಲೇ ಮಾರಾಟದಲ್ಲಿದೆ.

ಸರಿ, ಕುಲಾಂತರಿ ಅಲ್ಲದ ಪೌಷ್ಟಿಕ ತಳಿಗಳು ಯಾವುವು? ನಾವು ಬೆಳೆಯಬಹುದಾ?

ಸತು ಜಾಸ್ತಿ ಇರುವ ಡಿಆರ್‌ಆರ್ ಧನ್ 45, ಪ್ರೋಟೀನ್ ಶೇ. 10ರಷ್ಟು ಇರುವ ಸಿಆರ್ ಧನ್ 310, ಎರಡೂ ಮಾಮೂಲು ತಳಿ ಅಭಿವೃದ್ಧಿಯಿಂದಲೇ ಬಂದ ಭತ್ತ. ಎರಡೂ ಬೇರೆ ಸೀಮೆಯಲ್ಲಿ ಹುಟ್ಟಿದವು. ನಮ್ಮ ಬೈಲು ಗದ್ದೆಯ ಏಣೆಲಿನ, ಅಂದರೆ ಮುಂಗಾರು ಬೆಳೆಯ ಮಳೆಗೆ ನಿಲ್ಲುತ್ತವಾ, ಕುಚ್ಚಲು ಮಾಡಿದರೆ ಅನ್ನ ಹೇಗಾಗುತ್ತದೆ ಅಂತ ವಿಚಾರಿಸದೆ ಬಿತ್ತಬೇಡಿ. ಬ್ರಹ್ಮಾವರದ ಸಂಶೋಧನಾ ಕೇಂದ್ರದಲ್ಲಿ, ಮಂಗಳೂರಿನವರು ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಕೆಂಪಕ್ಕಿ ಬೇಕಾದವರಿಗೆ ಬ್ರಹ್ಮಾವರದವರದ್ದೇ ಸಹ್ಯಾದ್ರಿ ಕೆಂಪುಮುಕ್ತಿ ಇದೆ.

ನನ್ನನ್ನು ಕೇಳಿದರೆ ಶುರು ಮಾಡಲು ಸುಲಭದ್ದು ಗೆಣಸು. ಭೂಸೋನಾ ಎಂಬ ಕಿತ್ತಳೆ ತಿರುಳಿನ ಗೆಣಸಿನ ನೂರು ಗ್ರಾಂನಲ್ಲಿ ಸುಮಾರು 14 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಉಂಟು. ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯದ್ದು. ಚಿನ್ನದ ಅಕ್ಕಿಯ 37 ಮೈಕ್ರೋಗ್ರಾಂ ನೆನಪಿದೆಯಾ? ಅದು ಒಂದು ಗ್ರಾಂಗೆ. ಭೂಸೋನಾದಲ್ಲಿ ಒಂದು ಗ್ರಾಂಗೆ 140. ಹೊರಗಿನ ಜೀನಿಲ್ಲ, ಕೋರ್ಟಿಲ್ಲ, ಬಳ್ಳಿ ತುಂಡು ಮಾಡಿ ನೆಟ್ಟರೆ ಬರುತ್ತದೆ. ತಕರಾರು ಒಂದೇ, ದಿನಕ್ಕೆ ಮೂರು ಹೊತ್ತು ಯಾರೂ ಗೆಣಸು ತಿನ್ನುವುದಿಲ್ಲ.

ಎರಡು ವರ್ಷದ ಹಿಂದೆ ಹಿತ್ತಲಲ್ಲಿ ನಾಲ್ಕು ಸಾಲು ನೆಟ್ಟಿದ್ದೆ. ಒಂದು ಸಾಲು ಹಂದಿ ತಿಂದಿತು, ಒಂದು ಸಾಲು ಹೆಗ್ಗಣ. ಉಳಿದ ಎರಡು ಸಾಲಿನದ್ದು ಹೋಳಿಗೆ ಆಯಿತು. ಹೂರಣಕ್ಕೆ ಬಣ್ಣ ಹಾಕಿದ್ದೀರಾ ಅಂತ ಸೊಸೆಯನ್ನು ಎಲ್ಲರೂ ಕೇಳಿದರು. ಬಳ್ಳಿ ಬೇಕಾದವರು ಏಣೆಲು ಕೊಯ್ದ ಮೇಲೆ ಬನ್ನಿ, ತುಂಡು ಮಾಡಿ ಕೊಡುತ್ತೇನೆ. ಬೇಲಿ ಮೊದಲು ಹಾಕಿಸಿಕೊಳ್ಳಿ.